ಮನೆಯಲ್ಲೇ ಫ್ಲ್ಯಾಶ್ ಡಿಫ್ಯೂಸರ್: ಮುಧೋಳ ನಾಯಿಯ ಫೋಟೊ ತೆಗೆಯುವ ಬಗೆ

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು ಕೇಳಿ ಕೇಳಿ ರೂಢಿಯಾಗಿರುತ್ತದೆ. ಫೋಟೊ ನೋಡಿದವರು, "ಇದಕ್ಕ ಕೂಳು ಹಾಕ್ತೀರಿಲ್ಲೊ? ಎಲುಬು ಎಣಸಬಹುದಲ್ರೀ" ಅನ್ನುತ್ತಾರೆ. ಅದೇ ನಾಯಿ ಕಣ್ಣೆದುರು ನಿಂತಿದ್ದರೆ ಯಾರೂ ಹಾಗೆ ಕೇಳುವುದಿಲ್ಲ. ಆಳವಾದ ಎದೆಗೂಡು, ಮೇಲಕ್ಕೆ ಸೆಳೆದುಕೊಂಡ ಹೊಟ್ಟೆ, ಗಟ್ಟಿ ತೊಡೆ, ಉದ್ದ ಕತ್ತು ಎಲ್ಲ ಒಟ್ಟಿಗೆ ಕಾಣುತ್ತವೆ. ಓಡುವುದಕ್ಕೆಂದೇ ಹುಟ್ಟಿದ ಮೈ ಅದು. ಕೊನೆಯ ಎರಡು ಮೂರು ಪಕ್ಕೆಲುಬು ತುಸು ಕಾಣುವುದು ಆರೋಗ್ಯದ ಗುರುತೇ. ಫೋಟೊದಲ್ಲಿ ಮಾತ್ರ ಆ ಎಲುಬುಗಳೇ ಎದ್ದು ನಿಲ್ಲುತ್ತವೆ, ಸ್ನಾಯು ಮಾಯವಾಗುತ್ತದೆ, ಕಣ್ಣು ಹಸಿರು ದೀಪದ ಹಾಗೆ ಉರಿಯುತ್ತದೆ. ಇದೆಲ್ಲ ಫ್ಲ್ಯಾಶ್‌ನ ಕೆಲಸ.

ದೂರದ ಊರಿನವರು ಈ ನಾಯಿಯನ್ನು ಮೊದಲು ನೋಡುವುದು ಫೋಟೊದಲ್ಲೇ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಮೇಲಂತೂ ಮುಧೋಳ ಇರುವ ಬಾಗಲಕೋಟೆ ಜಿಲ್ಲೆಯ ಆಚೆಯಿಂದ ಕೇಳಿಕೊಂಡು ಬರುವವರು ಹೆಚ್ಚಾದರು. ಮರಿ ಬೇಕೆಂದವರು ಮೊದಲು ಕೇಳುವುದು "ತಂದೆ ತಾಯಿಯ ಫೋಟೊ ಕಳಿಸ್ರಿ" ಅಂತಲೇ. ಹಾಗಾಗಿ ಒಳ್ಳೆಯ ಫೋಟೊ ಇಲ್ಲಿ ಬರೀ ಹವ್ಯಾಸದ ಮಾತಲ್ಲ. ತಳಿಯ ಮೈಕಟ್ಟನ್ನು ಇದ್ದದ್ದು ಇದ್ದ ಹಾಗೆ ತೋರಿಸುವ ದಾಖಲೆ ಅದು. ಅದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಒಂದು ಥರ್ಮೋಕೋಲ್ ಹಾಳೆ, ಒಂದು ಹಳೆಯ ಧೋತರ, ಬೆಳಕು ಹೇಗೆ ನಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆ ಇದ್ದರೆ ಸಾಕು.

ಡಿಫ್ಯೂಸರ್ ಅಂದರೇನು?

ಫ್ಲ್ಯಾಶ್‌ನ ಬೆಳಕು ಹೊರಬರುವ ಗಾಜಿನ ಕಿಂಡಿ ತೀರಾ ಚಿಕ್ಕದು. ಕ್ಯಾಮೆರಾ ಮೇಲೆ ಸಿಕ್ಕಿಸುವ ದೊಡ್ಡ ಫ್ಲ್ಯಾಶ್‌ನಲ್ಲೂ ಅದು ಅಂಗೈ ಅಗಲ ಇರುವುದಿಲ್ಲ. ಚಿಕ್ಕ ಜಾಗದಿಂದ ಬಂದ ಬೆಳಕು ನೇರ ಗೆರೆಯಲ್ಲಿ ಬಡಿಯುತ್ತದೆ, ನೆರಳಿನ ಅಂಚು ಚಾಕುವಿನಿಂದ ಕೊಯ್ದಂತೆ ಬೀಳುತ್ತದೆ. ಇದನ್ನು ಗಡಸು ಬೆಳಕು ಎನ್ನೋಣ. ಅದೇ ಬೆಳಕು ದೊಡ್ಡ ಜಾಗದಿಂದ ಬಂದರೆ ನಾಯಿಯ ಮೈಯ ಒಂದೊಂದು ಏರಿಳಿತಕ್ಕೂ ಹಲವು ದಿಕ್ಕಿನಿಂದ ತಲುಪುತ್ತದೆ. ಆಗ ನೆರಳಿನ ಅಂಚು ಕರಗುತ್ತದೆ. ಇದು ಮೆದು ಬೆಳಕು. ಆಷಾಢದಲ್ಲಿ ಆಕಾಶವೆಲ್ಲ ಮೋಡ ಮುಚ್ಚಿದ ದಿನ ನೆಲದ ಮೇಲೆ ನಿಮ್ಮ ನೆರಳು ಕಾಣಿಸದಿರುವುದಕ್ಕೆ ಇದೇ ಕಾರಣ. ಸೂರ್ಯನ ಬೆಳಕು ಮೋಡದಲ್ಲಿ ಹರಡಿ ಇಡೀ ಆಕಾಶವೇ ದೀಪವಾಗಿರುತ್ತದೆ.

ಡಿಫ್ಯೂಸರ್ ಅಂದರೆ ಬೆಳಕನ್ನು ಹೀಗೆ ಹರಡುವ ಪರದೆ ಅಥವಾ ಹಲಗೆ. ಅದು ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಬಟ್ಟೆ, ಬೆಣ್ಣೆ ಕಾಗದದಂಥ ತೆಳುವಾದ ವಸ್ತುಗಳು ಬೆಳಕನ್ನು ತಮ್ಮ ಮೂಲಕ ಹಾಯಿಸಿ ಹರಡುತ್ತವೆ. ಗೋಡೆ, ಥರ್ಮೋಕೋಲ್‌ನಂಥ ಬಿಳಿ ವಸ್ತುಗಳು ಬೆಳಕನ್ನು ಪುಟಿಸಿ ಹರಡುತ್ತವೆ. ಪುಟಿಸುವುದಕ್ಕೆ ಫೋಟೊ ತೆಗೆಯುವವರು ಬೌನ್ಸ್ ಎನ್ನುತ್ತಾರೆ.

ಇಲ್ಲಿ ಒಂದು ಸಂಗತಿ ಚೆನ್ನಾಗಿ ಗಮನಿಸಿ. ಬೆಳಕು ಮೆದುವಾಗುವುದು ಪರದೆ ದಪ್ಪವಾಗಿದೆ ಎಂಬ ಕಾರಣಕ್ಕಲ್ಲ. ಪರದೆ ದೊಡ್ಡದಾಗಿರಬೇಕು, ನಾಯಿಗೆ ಹತ್ತಿರವಿರಬೇಕು, ಅಷ್ಟೇ. ಫ್ಲ್ಯಾಶ್‌ನ ಮೂತಿಗೆ ಮೊಸರಿನ ಕಪ್ಪೋ ಪ್ಲಾಸ್ಟಿಕ್ ಟೋಪಿಯೋ ಹಾಕಿದರೆ ಬೆಳಕಿನ ಕಿಂಡಿ ಒಂದೆರಡು ಅಂಗುಲ ದೊಡ್ಡದಾಗಬಹುದು. ಸುಣ್ಣ ಬಳಿದ ಚಿಕ್ಕ ಕೋಣೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಟೋಪಿ ನಾಲ್ಕೂ ಕಡೆ ಚೆಲ್ಲಿದ ಬೆಳಕು ಗೋಡೆ, ತಾರಸಿಗೆ ಬಡಿದು ಪುಟಿಯುತ್ತದೆ, ಮೆದು ಮಾಡುವ ಕೆಲಸ ಗೋಡೆಯೇ ಮಾಡುತ್ತದೆ. ಬಯಲಿನಲ್ಲಿ ಗೋಡೆಯೇ ಇಲ್ಲ. ಅಲ್ಲಿ ಆ ಟೋಪಿ ಬ್ಯಾಟರಿ ತಿನ್ನುತ್ತದೆಯೇ ಹೊರತು ನೆರಳನ್ನು ಮೆದು ಮಾಡುವುದಿಲ್ಲ. ಮದುವೆ ಮನೆಯ ಅಂಗಳದಲ್ಲಿ, ತೋಟದಲ್ಲಿ ಟೋಪಿ ಹಾಕಿಕೊಂಡು ಫೋಟೊ ಹೊಡೆಯುವವರನ್ನು ನೀವೂ ನೋಡಿರುತ್ತೀರಿ. ಅವರನ್ನು ಅನುಸರಿಸಬೇಡಿ.

ಎಷ್ಟು ದೊಡ್ಡದು ಬೇಕು? ನಾಯಿಯಷ್ಟು ದೊಡ್ಡದು ಎಂದಿಟ್ಟುಕೊಳ್ಳಿ. ಮುಧೋಳದ ಗಂಡು ಭುಜದ ಹತ್ತಿರ 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರ ಇರುತ್ತದೆ. ಮೈಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಿಳಿ ಮೇಲ್ಮೈ ನಾಯಿಯಿಂದ ಒಂದು ಮೀಟರ್ ದೂರದಲ್ಲಿದ್ದರೆ ಬೆಳಕು ಬೇಕಾದಷ್ಟು ಮೆದುವಾಗುತ್ತದೆ. ಅದನ್ನೇ ಎರಡು ಮೀಟರ್ ದೂರಕ್ಕೆ ಸರಿಸಿದರೆ ಬೆಳಕು ಗಡಸಾಗುವುದಲ್ಲದೆ ಕಾಲು ಭಾಗಕ್ಕೆ ಇಳಿಯುವತ್ತ ಸಾಗುತ್ತದೆ.

ಥರ್ಮೋಕೋಲ್ ಹಲಗೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಡಿಫ್ಯೂಸರ್ ಇದೇ. ಪೇಟೆಯಲ್ಲಿ ಸಿಗುವ ಥರ್ಮೋಕೋಲ್ ಹಾಳೆ ಸಾಮಾನ್ಯವಾಗಿ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇರುತ್ತದೆ. ಎರಡು ಹಾಳೆ ತನ್ನಿ. ಉದ್ದದ ಅಂಚುಗಳನ್ನು ಸೇರಿಸಿ ಹಿಂದಿನಿಂದ ಅಗಲ ಟೇಪು ಅಂಟಿಸಿ. ಪುಸ್ತಕದಂತೆ ಮಡಚಿ ಇಡಬಹುದು, ಅರ್ಧ ತೆರೆದರೆ ತಾನೇ ನಿಲ್ಲುತ್ತದೆ. ಒಂದು ಇಂಚು ದಪ್ಪದ್ದಾದರೆ ಬೇಗ ಮುರಿಯುವುದಿಲ್ಲ.

ಈಗ ನಾಯಿಯನ್ನು ಗೋಡೆಯಿಂದ ಒಂದೂವರೆ ಮೀಟರ್ ಈಚೆ, ನಿಮಗೆ ಮಗ್ಗುಲು ತೋರುವಂತೆ ನಿಲ್ಲಿಸಿ. ಗೋಡೆಗೆ ಅಂಟಿ ನಿಂತರೆ ಹಿಂದೆ ನೆರಳಿನ ಗೆರೆ ಬೀಳುತ್ತದೆ. ನೀವು ಮೂರು ಮೀಟರ್ ದೂರ ಕುಳಿತುಕೊಳ್ಳಿ. ಥರ್ಮೋಕೋಲನ್ನು ನಾಯಿಯ ಮುಖದ ಕಡೆ, ಅದರಿಂದ ಒಂದು ಮೀಟರ್ ದೂರದಲ್ಲಿ, ತುಸು ನಿಮ್ಮ ಕಡೆಗೆ ಸರಿಸಿ ನಿಲ್ಲಿಸಿ. ಫ್ಲ್ಯಾಶ್‌ನ ತಲೆಯನ್ನು ನಾಯಿಯ ಕಡೆಗಲ್ಲ, ಆ ಹಲಗೆಯ ಕಡೆಗೆ ತಿರುಗಿಸಿ. ಬೆಳಕು ಹಲಗೆಗೆ ಬಡಿದು ನಾಯಿಯ ಮೇಲೆ ಬೀಳುತ್ತದೆ. ಫ್ಲ್ಯಾಶ್‌ನಿಂದ ನೇರವಾಗಿ ನಾಯಿಗೆ ಬೆಳಕು ಸೋರಬಾರದು. ಅದಕ್ಕೆ ಫ್ಲ್ಯಾಶ್ ತಲೆಯ ಒಂದು ಮಗ್ಗುಲಿಗೆ ಕಪ್ಪು ಡ್ರಾಯಿಂಗ್ ಕಾಗದದ ತುಂಡನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ.

ಈ ಬೇಟೆನಾಯಿಯ ವಿಷಯದಲ್ಲಿ ನಿಜವಾದ ಕೆಲಸ ಇಲ್ಲೇ ಇದೆ. ಬೆಳಕು ಮೆದುವಾದರೆ ಅರ್ಧ ಗೆದ್ದಂತೆ. ಅದು ಯಾವ ಕಡೆಯಿಂದ ಬರುತ್ತದೆ ಎಂಬುದು ಉಳಿದ ಅರ್ಧ. ಗಿಡ್ಡ ಕೂದಲಿನ, ಮೈಗೆರೆಗಳೇ ಅಂದವಾಗಿರುವ ನಾಯಿ ಇದು. ಕ್ಯಾಮೆರಾದ ಕಡೆಯಿಂದ ನೇರ ಬಂದ ಬೆಳಕು, ಎಷ್ಟೇ ಮೆದುವಾಗಿರಲಿ, ತೊಡೆಯ ಸ್ನಾಯುವನ್ನೂ ಎದೆಯ ಆಳವನ್ನೂ ಅಳಿಸಿ ನಾಯಿಯನ್ನು ರಟ್ಟಿನಲ್ಲಿ ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ. ತಲೆಯ ಕಡೆಯಿಂದ ಮೈಗುಂಟ ಸವರಿ ಹೋಗುವ ಬೆಳಕು ಪ್ರತಿ ಪಕ್ಕೆಲುಬಿನ ಹಿಂದೆ ನೆರಳು ಬೀಳಿಸಿ ನಾಯಿಯನ್ನು ಬಡಕಲು ಮಾಡುತ್ತದೆ. ಇವೆರಡರ ನಡುವೆ, ಸುಮಾರು 45 ಡಿಗ್ರಿ ಓರೆಯಲ್ಲಿ, ಸರಿಯಾದ ಜಾಗ ಸಿಗುತ್ತದೆ. ಎಲುಬು ಹೆಚ್ಚು ಕಂಡರೆ ಹಲಗೆಯನ್ನು ನಿಮ್ಮ ಕಡೆಗೆ ಒಂದು ಗೇಣು ಸರಿಸಿ. ಸ್ನಾಯು ಮಾಸಿದರೆ ನಾಯಿಯ ಮುಖದ ಕಡೆಗೆ ಒಂದು ಗೇಣು ಒಯ್ಯಿರಿ. ಹೀಗೆ ಸರಿಸುತ್ತಾ ಒಂದೊಂದು ಫೋಟೊ ತೆಗೆದು ನೋಡಿದರೆ, ನಿಮ್ಮ ಕಣ್ಣಿಗೆ ಕಾಣುವ ನಾಯಿಯೇ ಕ್ಯಾಮೆರಾದಲ್ಲೂ ಕಾಣುವ ಜಾಗ ತಾನಾಗಿ ತಿಳಿಯುತ್ತದೆ.

ತಾರಸಿಗೆ ಬೌನ್ಸ್ ಮಾಡಿದರೆ ಆಗದೇ ಎಂದು ಕೇಳಬಹುದು. ಬಿಳಿ ತಾರಸಿಯ ಮನೆಯಾದರೆ ಆಗುತ್ತದೆ. ಮುಧೋಳ, ಜಮಖಂಡಿ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೆ ಕಪ್ಪು ತೊಲೆ, ಜಂತಿಗಳಿರುತ್ತವೆ. ಅವು ಬೆಳಕು ನುಂಗುತ್ತವೆ. ಗೋಡೆಗೆ ಹಸಿರು, ನೀಲಿ ಬಣ್ಣ ಬಳಿದಿದ್ದರೆ ಪುಟಿದ ಬೆಳಕಿಗೂ ಆ ಬಣ್ಣವೇ ಬರುತ್ತದೆ, ಕೆನೆ ಬಣ್ಣದ ನಾಯಿ ಹಸಿರು ಮೆತ್ತಿಕೊಂಡಂತೆ ಕಾಣುತ್ತದೆ. ಜೊತೆಗೆ, ಮೇಲಿಂದ ಬಿದ್ದ ಬೆಳಕು ಬೆನ್ನನ್ನು ಬೆಳಗಿಸಿ ಎದೆ, ಹೊಟ್ಟೆಯ ಗೆರೆಯನ್ನು ಕತ್ತಲಲ್ಲಿ ಬಿಡುತ್ತದೆ. ಮುಧೋಳ ನಾಯಿಯಲ್ಲಿ ನೋಡಬೇಕಾದದ್ದೇ ಆ ಗೆರೆ.

ಧೋತರದ ಪರದೆ

ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಬೇರೆ ಕಡೆ ಇಡಲು ನಿಮಗೆ ಅನುಕೂಲವಿದ್ದರೆ ಇದನ್ನು ಮಾಡಿ. ಅದಕ್ಕೆ ಟ್ರಿಗರ್ ಬೇಕು. ಕ್ಯಾಮೆರಾದ ಗುಂಡಿ ಒತ್ತಿದಾಗ ದೂರದ ಫ್ಲ್ಯಾಶಿಗೆ ರೇಡಿಯೊ ಸಂಕೇತ ಕಳಿಸುವ ಚಿಕ್ಕ ಜೋಡಿ ಪೆಟ್ಟಿಗೆ ಅದು.

ತೆಳುವಾದ ಹತ್ತಿ ಧೋತರವನ್ನು ಪಡಸಾಲೆಯಲ್ಲಿ ಹಗ್ಗ ಕಟ್ಟಿ ಒಂದೇ ಪದರವಾಗಿ ಇಳಿಬಿಡಿ. ಬಣ್ಣದ ದಡಿ ಬೆಳಕಿನ ದಾರಿಗೆ ಬರದಂತೆ ನೋಡಿಕೊಳ್ಳಿ. ಹಗ್ಗ ಬೇಡವೆಂದರೆ ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಚೌಕಟ್ಟು ಮಾಡಿ. ನಾಲ್ಕು ಮೀಟರ್ ಪೈಪು, ನಾಲ್ಕು ಎಲ್ಬೋ ಸಾಕು. ಬಟ್ಟೆಯನ್ನು ಬಟ್ಟೆ ಕ್ಲಿಪ್ಪಿನಿಂದಲೇ ಬಿಗಿಯಿರಿ. ಚೌಕಟ್ಟಿನ ಬುಡಕ್ಕೆ ಕಲ್ಲು ಕಟ್ಟಿ, ಫ್ಯಾನ್ ಆರಿಸಿ. ಅದು ಒಮ್ಮೆ ಬಿದ್ದು ಸದ್ದಾದರೆ ಆ ದಿನ ನಾಯಿ ಮತ್ತೆ ಆ ಕೋಣೆಗೆ ಬರುವುದಿಲ್ಲ.

ಪರದೆಯ ಹಿಂದೆ ಒಂದು ಮೀಟರ್ ದೂರದಲ್ಲಿ ಫ್ಲ್ಯಾಶ್ ಇರಲಿ. ಬಟ್ಟೆಗೆ ತೀರಾ ಹತ್ತಿರವಿಟ್ಟರೆ ನಡುವೆ ಮಾತ್ರ ಪ್ರಕಾಶದ ಗುಂಡಾಗಿ, ಇಡೀ ಬಟ್ಟೆ ಬೆಳಗುವುದಿಲ್ಲ. ದೊಡ್ಡ ಬಟ್ಟೆ ಕಟ್ಟಿದ ಲಾಭ ಹೋಗುತ್ತದೆ. ನೀಲಿ ಹಾಕಿ ಒಗೆದ ಧೋತರವಾದರೆ ಫೋಟೊ ತುಸು ನೀಲಿಯಾಗಬಹುದು. ಮೊದಲು ನಾಯಿಯ ಜಾಗದಲ್ಲಿ ಒಂದು ಬಿಳಿ ಕಾಗದ ಹಿಡಿದು ಫೋಟೊ ತೆಗೆಯಿರಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆಯನ್ನು, ಆ ಕಾಗದಕ್ಕೆ ಸರಿಮಾಡಿಕೊಳ್ಳಿ. ಮೈಬಣ್ಣ ತಿಳಿಯಲೆಂದು ಫೋಟೊ ಕೇಳುವವರಿಗೆ ಇದು ಮುಖ್ಯ.

ಕ್ಯಾಮೆರಾದೊಳಗೇ ಇದ್ದು ಪುಟಿದೇಳುವ ಫ್ಲ್ಯಾಶ್ ಮಾತ್ರ ಇದ್ದರೆ ಅದರ ಮುಂದೆ ಮದುವೆ ಪತ್ರಿಕೆಯ ಬಿಳಿ ಹಿಂಬದಿಯನ್ನು ಓರೆಯಾಗಿ ಹಿಡಿದು ಬೆಳಕನ್ನು ಬಿಳಿ ತಾರಸಿಗೆ ಕಳಿಸಬಹುದು. ಆ ಫ್ಲ್ಯಾಶಿಗೆ ಶಕ್ತಿ ಕಡಿಮೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ, 800 ಅಥವಾ 1600ಕ್ಕೆ ಏರಿಸಬೇಕಾಗುತ್ತದೆ.

ಅಪಾಯದ ಮಾತು ಎರಡಿವೆ. ಫ್ಲ್ಯಾಶ್‌ನ ಗಾಜಿಗೆ ಕಾಗದ, ಪ್ಲಾಸ್ಟಿಕ್ ಅಂಟುವಂತೆ ಕಟ್ಟಬೇಡಿ. ಪೂರ್ತಿ ಶಕ್ತಿಯಲ್ಲಿ ಒಂದರ ಹಿಂದೊಂದು ಹೊಡೆದರೆ ಗಾಜು ಬಿಸಿಯಾಗಿ ಕಾಗದ ಕಂದುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಎರಡು ಬೆರಳಿನಷ್ಟು ಸಂದಿ ಇರಲಿ, ನಡುನಡುವೆ ಬಿಡುವು ಕೊಡಿ. ಇನ್ನೊಂದು, ಕೆಟ್ಟ ಫ್ಲ್ಯಾಶನ್ನು ಬಿಚ್ಚಲು ಹೋಗಲೇಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ, ಅಂದರೆ ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗದಲ್ಲಿ, ಸುಮಾರು 300 ವೋಲ್ಟ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರುತ್ತದೆ.

ನಾಯಿಯ ಕಣ್ಣು, ನಾಯಿಯ ಮನಸ್ಸು

ನಾಯಿಯ ಕಣ್ಣಿನ ಹಿಂಬದಿಯಲ್ಲಿ ಟೇಪೀಟಮ್ ಲೂಸಿಡಮ್ ಎಂಬ ಹೊಳೆಯುವ ಪದರ ಇರುತ್ತದೆ. ಕತ್ತಲಲ್ಲಿ ಸಿಕ್ಕ ಚೂರು ಬೆಳಕನ್ನು ಮತ್ತೊಮ್ಮೆ ಬಳಸಿಕೊಳ್ಳಲು ನಿಸರ್ಗ ಕೊಟ್ಟ ಕನ್ನಡಿ ಅದು. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಬೆಳಕು ಆ ಕನ್ನಡಿಗೆ ಬಡಿದು ಬಂದ ದಾರಿಯಲ್ಲೇ ಲೆನ್ಸಿಗೆ ಮರಳುತ್ತದೆ. ಹಸಿರು, ಹಳದಿ ಕಣ್ಣು ಬರುವುದು ಹೀಗೆ. ಬೆಳಕು ಪಕ್ಕದಿಂದ ಬಂದರೆ ಅದು ಮರಳುವ ದಾರಿಯೂ ಬೇರೆಯಾಗುತ್ತದೆ, ಲೆನ್ಸಿಗೆ ತಲುಪುವುದಿಲ್ಲ. ಥರ್ಮೋಕೋಲ್ ಈ ತೊಂದರೆಯನ್ನೂ ನೀಗಿಸುತ್ತದೆ. ಕ್ಯಾಮೆರಾದಲ್ಲಿರುವ 'ರೆಡ್ ಐ' ತಡೆ ಇಲ್ಲಿ ಬೇಡ. ಅದು ಮೊದಲೇ ಮಿಣಮಿಣ ಬೆಳಕು ಬಿಟ್ಟು ನಾಯಿಯನ್ನು ಬೆಚ್ಚಿಸುತ್ತದೆ, ಫೋಟೊ ಹೊತ್ತಿಗೆ ನಾಯಿ ಮುಖ ತಿರುಗಿಸಿರುತ್ತದೆ.

ಮುಧೋಳ ನಾಯಿ ಅಪರಿಚಿತರಿಗೆ ಬೇಗ ಒಗ್ಗುವುದಿಲ್ಲ. ಗುರುತಿಲ್ಲದವರು ಮುಟ್ಟಿದರೆ ಮೈ ಬಿಗಿ ಹಿಡಿಯುತ್ತದೆ. ನೀವು ಬೇರೆಯವರ ನಾಯಿಯ ಫೋಟೊ ತೆಗೆಯುತ್ತಿದ್ದರೆ ಅದನ್ನು ನಿಲ್ಲಿಸುವುದು, ಕಾಲು ಸರಿಪಡಿಸುವುದು ಎಲ್ಲ ಮಾಲೀಕರೇ ಮಾಡಲಿ. ಫ್ಲ್ಯಾಶ್‌ನ ಟಪ್ ಸದ್ದು, ಮತ್ತೆ ಚಾರ್ಜ್ ಆಗುವಾಗಿನ ಸಣ್ಣ ಕೀರಲು ಎರಡೂ ಅದಕ್ಕೆ ಹೊಸವು. ನಾವು ಕೇಳದಷ್ಟು ಸಣ್ಣ ಕೀರಲೂ ನಾಯಿಗೆ ಕೇಳುತ್ತದೆ. ಮೊದಲು ಅದು ಉಣ್ಣುತ್ತಿರುವಾಗ ದೂರದಲ್ಲಿ, ಗೋಡೆಗೆ ಮುಖ ಮಾಡಿ ನಾಲ್ಕಾರು ಸಲ ಫ್ಲ್ಯಾಶ್ ಹೊಡೆಯಿರಿ. ಕಿವಿ ಹಿಂದಕ್ಕೆ ಹೋದರೆ, ಬಾಲ ಕಾಲ ನಡುವೆ ಸೇರಿದರೆ ಆ ದಿನಕ್ಕೆ ಬಿಟ್ಟುಬಿಡಿ.

ಮರಿಗಳ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಹುಟ್ಟಿದ ಎರಡು ವಾರದ ಹೊತ್ತಿಗೆ ಕಣ್ಣು ತೆರೆಯುವ ಮರಿಗೆ ಮೊದಲ ತಿಂಗಳೆಲ್ಲ ಫ್ಲ್ಯಾಶ್ ಬೇಡ. ಬಾಗಿಲ ಬೆಳಕಿನಲ್ಲಿ ತೆಗೆಯಿರಿ. ತಾಯಿ ನಾಯಿಯೂ ಆಗ ಗಾಬರಿಯಾಗುವುದಿಲ್ಲ.

ನಿಲುವು, ದೂರ, ಅಳತೆ

ಕ್ಯಾಮೆರಾ ನಾಯಿಯ ಎದೆಯ ಮಟ್ಟಕ್ಕೆ ಇರಲಿ. ನಿಂತುಕೊಂಡು ಮೇಲಿಂದ ತೆಗೆದರೆ ಕಾಲು ಗಿಡ್ಡವಾಗಿ ತಲೆ ದೊಡ್ಡದಾಗುತ್ತದೆ. ಈ ನಾಯಿಗೆ ಉದ್ದ ಮೂತಿ ಇರುವುದರಿಂದ ಹತ್ತಿರ ಹೋಗಿ ಎದುರಿನಿಂದ ತೆಗೆದರೆ ಮೂಗು ಉಬ್ಬಿ ಕಾಣುತ್ತದೆ. ಮೂರು ಮೀಟರ್ ಹಿಂದೆ ಸರಿದು 85 ಮಿಲಿಮೀಟರ್ ಆಸುಪಾಸಿನ ಲೆನ್ಸ್, ಅಥವಾ ಜೂಮ್ ಬಳಸಿ. ಲೆನ್ಸಿನ ಕಿಂಡಿಯನ್ನು ತೀರಾ ಅಗಲ ಬಿಟ್ಟರೆ ಕಣ್ಣು ಸ್ಪಷ್ಟವಾಗಿ ಮೂಗು ಮಸುಕಾಗುತ್ತದೆ. ಎಫ್ 5.6ರಿಂದ ಎಫ್ 8ರ ನಡುವೆ ಇಡಿ. ಶಟರ್ ವೇಗ ಸೆಕೆಂಡಿನ 1/160 ಭಾಗ, ಐಎಸ್‌ಒ 800, ಫ್ಲ್ಯಾಶ್ ಅರ್ಧ ಶಕ್ತಿ. ಇಲ್ಲಿಂದ ಶುರುಮಾಡಿ, ಫೋಟೊ ನೋಡಿ ಏರಿಳಿಸಿ.

ಫ್ಲ್ಯಾಶ್ ತಾನೇ ಬೆಳಕು ಅಳೆಯುವ ಟಿಟಿಎಲ್ ಬಗೆಯದಾದರೆ ಅದು ಎಲ್ಲವನ್ನೂ ನಡುಬೂದಿ ಬಣ್ಣಕ್ಕೆ ತರಲು ನೋಡುತ್ತದೆ. ಕರಿ ನಾಯಿ ಬೂದಿಯಾಗುತ್ತದೆ, ಅದಕ್ಕೆ ಫ್ಲ್ಯಾಶನ್ನು ಒಂದು ಹಂತದವರೆಗೆ ತಗ್ಗಿಸಿ. ಬಿಳಿ, ಕೆನೆ ಬಣ್ಣದ ನಾಯಿ ಮಬ್ಬಾಗುತ್ತದೆ, ಅದಕ್ಕೆ ಏರಿಸಿ.

ಕಿವಿ ನಿಗುರಿ ಕತ್ತು ಎತ್ತಿದ ಕ್ಷಣ ಬೇಕೆಂದು ಸೀಟಿ ಹೊಡೆಯುವವರಿದ್ದಾರೆ. ಆದರೆ ಇದು ನೋಟದಿಂದ ಬೇಟೆ ಹುಡುಕುವ ನಾಯಿ. ದೂರದಲ್ಲಿ ಯಾರಾದರೂ ಒಂದು ಬಟ್ಟೆ ತುಂಡು ಬೀಸಲಿ ಸಾಕು. ಕತ್ತು ತಾನೇ ಏಳುತ್ತದೆ, ನೋಟ ದೂರಕ್ಕೆ ಹರಿಯುತ್ತದೆ, ಫ್ಲ್ಯಾಶ್ ಕಡೆ ಕಣ್ಣು ಇರುವುದೂ ಇಲ್ಲ. ಮಾಲೀಕರ ಕೈಯಲ್ಲಿ ಹಗ್ಗ ಗಟ್ಟಿಯಾಗಿರಲಿ.

ಓಡುವ ನಾಯಿಗೆ ಫ್ಲ್ಯಾಶ್ ಬಳಸಬೇಡಿ. ಹೊಲದಲ್ಲಿ ಮೂವತ್ತು ಮೀಟರ್ ಆಚೆ ಓಡುವ ನಾಯಿಗೆ ಆ ಬೆಳಕು ಮುಟ್ಟುವುದಿಲ್ಲ. ಸಾಮಾನ್ಯ ಫ್ಲ್ಯಾಶ್ ಹಾಕಿದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ ವೇಗ 1/200, 1/250 ದಾಟುವಂತೆಯೂ ಇಲ್ಲ. ಓಟ ಹಿಡಿಯಲು 1/1600 ಆದರೂ ಬೇಕು. ಬೆಳಿಗ್ಗೆ ಎಂಟರೊಳಗೆ ಸೂರ್ಯ ಓರೆಯಾಗಿದ್ದಾಗ ತೆಗೆಯಿರಿ. ನಾಯಿಗೂ ಬಿಸಿಲು ಬಡಿಯುವುದಿಲ್ಲ.

ಮೊಬೈಲ್ ಇದ್ದವರು ಅದರ ಫ್ಲ್ಯಾಶ್ ಆರಿಸಿಬಿಡಿ. ಆ ಪುಟ್ಟ ದೀಪಕ್ಕೆ ಕಾಗದ ಅಂಟಿಸಿದರೆ ಇರುವ ಬೆಳಕೂ ಹೋಗುತ್ತದೆ. ಬದಲಿಗೆ ತೆರೆದ ಬಾಗಿಲಿಗೆ ಧೋತರ ಇಳಿಬಿಟ್ಟು, ಒಳಗೆ ಎದುರು ಮಗ್ಗುಲಿಗೆ ಥರ್ಮೋಕೋಲ್ ನಿಲ್ಲಿಸಿ. ಫೋನಿನಲ್ಲಿ 2ಎಕ್ಸ್ ಒತ್ತಿ, ಹಿಂದೆ ಸರಿದು ತೆಗೆಯಿರಿ. ಬಹಳ ಸಲ ಇದೇ ಫ್ಲ್ಯಾಶ್‌ಗಿಂತ ಚೆಂದ ಬರುತ್ತದೆ.

ಎಷ್ಟು ಖರ್ಚು, ಎಲ್ಲಿ ಸಿಗುತ್ತದೆ?

ಥರ್ಮೋಕೋಲ್, ಕಪ್ಪು ಡ್ರಾಯಿಂಗ್ ಕಾಗದ, ಟೇಪು, ಬೆಣ್ಣೆ ಕಾಗದ ಎಲ್ಲ ಊರಿನ ಪುಸ್ತಕ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತವೆ. ಎಲ್ಲ ಸೇರಿ ಕೆಲವು ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಪೈಪು, ಎಲ್ಬೋ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಅದೂ ಕೆಲವು ನೂರು ರೂಪಾಯಿಗಳ ಮಾತು. ಧೋತರ ಮನೆಯಲ್ಲೇ ಇರುತ್ತದೆ. ತಲೆ ತಿರುಗುವ ಫ್ಲ್ಯಾಶ್ ಇಲ್ಲದಿದ್ದರೆ ಕೈಯಿಂದ ಶಕ್ತಿ ಹೊಂದಿಸುವ ಸಾದಾ ಫ್ಲ್ಯಾಶ್ ಕೊಳ್ಳಿ, ಟಿಟಿಎಲ್‌ಗೆ ಹೆಚ್ಚು ಹಣ ಕೊಡುವ ಅಗತ್ಯ ಈ ಕೆಲಸಕ್ಕೆ ಇಲ್ಲ. ಸಾದಾ ಫ್ಲ್ಯಾಶ್ ಸಾಮಾನ್ಯವಾಗಿ ಕೆಲವು ಸಾವಿರಕ್ಕೆ ಸಿಗುತ್ತದೆ. ತೆಗೆದುಕೊಳ್ಳುವ ಮುಂಚೆ ತಲೆ ಮೇಲಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿರುಗುತ್ತದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ಕೈಯಲ್ಲಿ ಇನ್ನೂ ಹಣ ಉಳಿದರೆ ಟ್ರಿಗರ್ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಟೋಪಿಗೆ ಹಾಕುವ ದುಡ್ಡು ದಂಡ.

ಮನೆಯಲ್ಲಿ ನಾಯಿ ಇಲ್ಲದವರು ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರಕ್ಕೆ ಹೋಗಿ ಒಳ್ಳೆಯ ತಳಿ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬಹುದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಅದು ನಡೆಯುತ್ತದೆ. ಅಲ್ಲಿಗಾಗಲಿ, ಸಾಕಿದವರ ಮನೆಗಾಗಲಿ ಕ್ಯಾಮೆರಾ ಒಯ್ದರೆ, ಚೀಲದಿಂದ ಫ್ಲ್ಯಾಶ್ ತೆಗೆಯುವ ಮುಂಚೆ ಅವರ ಒಪ್ಪಿಗೆ ಕೇಳಿ. ತೆಗೆದ ಫೋಟೊದ ಒಂದು ಪ್ರತಿಯನ್ನು, ಬಣ್ಣ ತಿದ್ದದೆ, ತೆಗೆದ ದಿನಾಂಕ ಬರೆದು ನಾಯಿಯ ಮಾಲೀಕರಿಗೂ ಕೊಡಿ.